ಬಿಳಲಿಗೆ ನೆಲ ಬೇಕು

ತೆಂಗಿನ ಸೀಮೆಯ ನಮಗೆ ಮರವೆಂದರೆ ಮೊದಲು ನೆನಪಾಗುವುದು ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಯಾವ ದಾರಿಯನ್ನು ಹಿಡಿದರೂ ಎರಡು ಮಗ್ಗುಲಲ್ಲಿ ಅದೇ ನೀಳವಾದ ಕಾಂಡ, ಅದೇ ಗರಿಗಳ ಮುಡಿ. ಕೊಬ್ಬರಿಯ ಧಾರಣೆ ಏರಿದರೆ ಮನೆಯಲ್ಲಿ ಹಬ್ಬ, ಇಳಿದರೆ ಮೌನ. ಹೀಗೆ ಮರವನ್ನು ಅದರ ಫಲದಿಂದಲೇ ಅಳೆಯಲು ಕಲಿತವರು, ಸಂತೆಗೆ ಬಾರದ ಮರವೊಂದನ್ನು ನೋಡುವುದಕ್ಕಾಗಿ ಒಂದು ದಿನದ ಪ್ರಯಾಣ ಮಾಡುವುದು ಒಳ್ಳೆಯ ಶಿಕ್ಷಣವೆಂದೇ ನಾವು ಭಾವಿಸುತ್ತೇವೆ.

ಕೆಲವು ತಿಂಗಳ ಹಿಂದೆ ಕಾಲೇಜಿನ ವಿದ್ಯಾರ್ಥಿಗಳೊಡನೆ ತುರುವೇಕೆರೆ, ಕುಣಿಗಲ್, ಕುದೂರು, ಮಾಗಡಿಗಳ ಮೇಲೆ ಬೆಂಗಳೂರಿನತ್ತ ಹೋಗುವಾಗ, ರಾಮೋಹಳ್ಳಿಯ ಸಮೀಪದ ಕೇತೋಹಳ್ಳಿಯಲ್ಲಿ ಬಸ್ಸನ್ನು ನಿಲ್ಲಿಸಿ ದೊಡ್ಡ ಆಲದ ಮರವನ್ನು ನೋಡಿದೆವು. ಸುಮಾರು 400 ವರ್ಷಗಳದೆಂದು ಹೇಳಲಾಗುವ ಈ ಮರ ಮೂರು ಎಕರೆಗಳಷ್ಟು ನೆಲವನ್ನು ಆವರಿಸಿದೆ. ಅದರೊಳಗೆ ನಡೆದಾಡುತ್ತಿದ್ದಂತೆ, ತೋಟದ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸಾರ್, ಇದರಲ್ಲಿ ತಾಯಿಮರ ಯಾವುದು?”

ತೋರಿಸಲು ತಾಯಿಮರವೇ ಅಲ್ಲಿರಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ರೋಗ ತಗುಲಿ ಮೂಲಕಾಂಡ ನಾಶವಾಯಿತು. ಈಗ ಕಾಣುವುದೆಲ್ಲ ಬಿಳಲುಗಳು ನೆಲಕ್ಕಿಳಿದು ಬೇರೂರಿ ಕಾಂಡಗಳಾದ ಮರ. ಕೋಲ್ಕತ್ತದ ಬಳಿ ಶಿಬಪುರದ ಸಸ್ಯೋದ್ಯಾನದಲ್ಲಿಯೂ ಇದೇ ಕಥೆ. 1864 ಮತ್ತು 1867ರ ಚಂಡಮಾರುತಗಳಿಗೆ ಸಿಕ್ಕಿ ನೊಂದ ಅಲ್ಲಿನ ಮಹಾವಟದ ಮೂಲಕಾಂಡಕ್ಕೆ ಶಿಲೀಂಧ್ರ ಹತ್ತಿ, 1925ರಲ್ಲಿ ಅದನ್ನು ಕಡಿದು ತೆಗೆದರು. ಮರ ಮಾತ್ರ ಇಂದಿಗೂ ಹಬ್ಬುತ್ತಲೇ ಇದೆ. ತೆಂಗಿಗಿರುವುದು ಒಂದೇ ಸುಳಿ. ಅದು ಕೊಳೆತರೆ, ಇಲ್ಲವೇ ದುಂಬಿ ಕೊರೆದು ಕೆಡಿಸಿದರೆ, ಮರದ ಬಾಳು ಮುಗಿಯಿತು. ಆಲವಾದರೋ ತನ್ನ ಮೂಲವನ್ನೇ ಕಳೆದುಕೊಂಡೂ ಬದುಕಬಲ್ಲದು.

ಆದರೆ ಈ ಚಿರಂಜೀವಿತ್ವಕ್ಕೂ ಒಂದು ಕರಾರುಂಟು. ಕೊಂಬೆಯಿಂದ ಜಡೆಯಂತೆ ತೂಗುವ ಎಳೆಯ ಬಿಳಲು ಮಣ್ಣನ್ನು ಮುಟ್ಟಬೇಕು. ಮುಟ್ಟಿದ ಮೇಲಷ್ಟೇ ಅದು ದಪ್ಪವಾಗಿ, ಭಾರವಾದ ಕೊಂಬೆಗೆ ಊರುಗೋಲಾಗುವುದು. ನಾವೋ, ನೋಡಲು ಬಂದವರು, ಅದನ್ನೇ ಹಿಡಿದು ಜೋಲಾಡುತ್ತೇವೆ, ತುದಿಯನ್ನು ಚಿವುಟುತ್ತೇವೆ, ಕಾಂಡದ ಮೇಲೆ ಹೆಸರು ಕೆತ್ತುತ್ತೇವೆ. ಮರದ ಬುಡಕ್ಕೆ ಸಿಮೆಂಟು ಬಳಿದು ಕಟ್ಟೆ ಕಟ್ಟಿದರೆ ಅದನ್ನು ಗೌರವಿಸಿದಂತಾಯಿತೆಂದು ತಿಳಿಯುತ್ತೇವೆ. ಬಿಳಲಿಗೆ ಸಿಕ್ಕದ ಮಣ್ಣು ಮರಕ್ಕೆ ಸಿಕ್ಕದ ನಾಳೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಇನ್ನೊಂದು ಮಾತು. ಅದೇ ದಿನ ಬೆಳಿಗ್ಗೆ ನಾವು ಹಾದುಬಂದ ಕುದೂರಿನಿಂದ ಹುಲಿಕಲ್ಲಿಗೆ ಹೋಗುವ ದಾರಿಯಲ್ಲಿ, ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ನೆಟ್ಟ 385 ಆಲದ ಮರಗಳಿವೆ. ಅಕ್ಷರ ಕಲಿಯದ ಆ ದಂಪತಿಗಳು ಕೂಲಿ ಮಾಡಿ ಬದುಕುತ್ತ, ಕೊಡದಲ್ಲಿ ನೀರು ಹೊತ್ತು ಅವನ್ನು ಬೆಳೆಸಿದರು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆಯ ಅಗಲೀಕರಣದಿಂದ ಆ ಮರಗಳಿಗೆ ಗಂಡಾಂತರ ಒದಗಿ, ಅವನ್ನು ಉಳಿಸಿರೆಂದು ಅವರೇ ಸರಕಾರದ ಮುಂದೆ ಮೊರೆಯಿಡಬೇಕಾಯಿತು. 2025ರ ನವೆಂಬರಿನಲ್ಲಿ ಅವರು ಕಣ್ಮರೆಯಾದರು. ಇನ್ನು ಮುಂದೆ ಮೊರೆಯಿಡಬೇಕಾದವರು ಯಾರು?

ನೂರು ಕಿಲೋಮೀಟರುಗಳಿಗೂ ಮಿಗಿಲಾಗಿ ಪ್ರಯಾಣ ಮಾಡಿ ಒಂದು ಆಲಕ್ಕೆ ಕೈಮುಗಿದು, ಮರಳಿ ಬಂದು ನಮ್ಮೂರ ದಾರಿಯ ಆಲ ಉರುಳುವಾಗ ಸುಮ್ಮನಿರುವುದು ಯಾವ ಭಕ್ತಿ? ಕೇತೋಹಳ್ಳಿಯ ಮರವೂ ಒಂದು ಕಾಲಕ್ಕೆ ಯಾರೂ ತಿರುಗಿ ನೋಡದ ಸಸಿಯೇ ಆಗಿತ್ತು. ಯಾರೂ ಕಡಿಯಲಿಲ್ಲವಾದ್ದರಿಂದ ಅದು ದೊಡ್ಡದಾಯಿತು. ನಮ್ಮ ಶಾಲೆ ಕಾಲೇಜುಗಳು ಊರ ಗುಂಡುತೋಪಿನ, ಕೆರೆಯ ಏರಿಯ, ಹೆದ್ದಾರಿಯ ಬದಿಯ ಹಳೆಯ ಆಲಗಳನ್ನು ಲೆಕ್ಕ ಬರೆದಿಡಲಿ. ಅವುಗಳ ಬುಡದ ಸುತ್ತ ಬರಿಯ ಮಣ್ಣನ್ನು ಉಳಿಸಲಿ. ಎಳೆಯ ಬಿಳಲಿಗೆ ಮಣ್ಣು ಗೊಬ್ಬರ ತುಂಬಿದ ಬಿದಿರಿನ ಅಂಡೆಯನ್ನು ಕಟ್ಟಿ ನೆಲದವರೆಗೆ ದಾರಿ ತೋರಲಿ. ಇದಕ್ಕೆ ದೊಡ್ಡ ವೆಚ್ಚವೇನೂ ಬೇಡ.

ಆ ವಿದ್ಯಾರ್ಥಿನಿಗೆ ಅಂದು ನಾವು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ತಾಯಿಮರ ಎಂದೋ ಮಣ್ಣಾಯಿತು ಎಂದಷ್ಟೇ ಹೇಳಿದೆವು. ಅದು ಬದುಕಿದ್ದಾಗಲೇ ಬಿಳಲುಗಳಿಗೆ ನೆಲ ದೊರೆತಿತ್ತು, ಆದ್ದರಿಂದಲೇ ನಮಗೆ ಇಂದು ನೆರಳು ದೊರೆಯಿತು ಎಂಬುದನ್ನೂ ಹೇಳಬೇಕಾಗಿತ್ತು.