ಮಸುಕು ತೆಗೆದ ಚಿತ್ರ ಸಾಕ್ಷಿಯಲ್ಲ

ಕಳೆದ ಕಬ್ಬಿನ ಹಂಗಾಮಿನಲ್ಲಿ ಸವದತ್ತಿ ರಸ್ತೆಯಲ್ಲಿ ರಾತ್ರಿ ಟ್ರ್ಯಾಕ್ಟರೊಂದು ಬೈಕಿಗೆ ಬಡಿದು ನಿಲ್ಲದೆ ಹೋಯಿತು. ಯಾರೋ ತೆಗೆದ ಫೋಟೊ ನಮ್ಮ ವಾಟ್ಸಾಪ್‌ಗೆ ಬಂತು. ಕೈ ಅಲುಗಿ ನಂಬರ್ ಪ್ಲೇಟ್ ಪೂರ್ತಿ ಮಸುಕು. ಮೊಬೈಲ್ ಆ್ಯಪ್‌ಗೆ ಹಾಕಿದೆವು. ಅಂಕಿಗಳು ಸ್ಪಷ್ಟವಾಗಿ ಮೂಡಿದವು: ಕೆಎ 22, ಅಂದರೆ ಬೆಳಗಾವಿ ಗಾಡಿ. ಅನುಮಾನಕ್ಕೆ ಇನ್ನೊಂದು ಆ್ಯಪ್‌ಗೆ ಹಾಕಿದರೆ ಕೆಎ 24, ಬೈಲಹೊಂಗಲದ್ದು! ಎರಡೂ ಅಷ್ಟೇ ಸ್ಪಷ್ಟ. ನಂಬರ್ ಬಿಟ್ಟೇ ಸುದ್ದಿ ಕಳಿಸಿದೆವು. ಇಲ್ಲದಿದ್ದರೆ ಸಂಬಂಧವೇ ಇಲ್ಲದ ಯಾರದೋ ಮನೆ ಮುಂದೆ ಜನ ಸೇರುತ್ತಿದ್ದರು.

ಆ್ಯಪ್ ಅಳಿಸಿಹೋದದ್ದನ್ನು ವಾಪಸ್ ತರುವುದಿಲ್ಲ. ತಾನು ಕಲಿತ ಚಿತ್ರಗಳ ಮೇಲೆ ಊಹಿಸುತ್ತದೆ. ಆ ಊಹೆಯನ್ನು ಸಂಶೋಧಕರು ಅಳೆಯುವುದು ಒಂದೇ ದೃಶ್ಯದ ಮಸುಕು ಮತ್ತು ಸ್ಪಷ್ಟ ಚಿತ್ರಗಳ ಜೋಡಿಯಿಂದ. ಹಾಗಾದರೆ ಆ ಜೋಡಿ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಹೆಚ್ಚು ಬಳಕೆಯಲ್ಲಿರುವ ಗೋಪ್ರೊ ಸಂಗ್ರಹವನ್ನು 2017ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಕೊಟ್ಟರು. ಸೆಕೆಂಡಿಗೆ 240 ಫ್ರೇಮಿನ ವಿಡಿಯೊ ತೆಗೆದು, ಒಂದರ ಹಿಂದೊಂದು ಬರುವ ಫ್ರೇಮುಗಳ ಸರಾಸರಿ ಹಿಡಿದು ಮಸುಕು ಮಾಡಿದ 3,214 ಜೋಡಿಗಳು ಅದರಲ್ಲಿವೆ. ಅಂದರೆ ಮಸುಕು ಕಂಪ್ಯೂಟರಿನಲ್ಲಿ ತಯಾರಾದದ್ದು. 2020ರಲ್ಲಿ ಅದೇ ದೇಶದ ಪೋಸ್ಟೆಕ್ ಸಂಸ್ಥೆಯವರು ಎರಡು ಕ್ಯಾಮೆರಾ ಜೋಡಿಸಿ, ಮಂದ ಬೆಳಕಿನ ನಿಜವಾದ ಮಸುಕನ್ನೇ ಹಿಡಿದು, 232 ದೃಶ್ಯಗಳ ರಿಯಲ್‌ಬ್ಲರ್ ಸಂಗ್ರಹ ಮಾಡಿದರು. ತಯಾರಿಸಿದ ಮಸುಕಿನಲ್ಲಿ ಪಾಸಾದದ್ದು ನಿಜದ ಮಸುಕಿನಲ್ಲಿ ಎಡವಬಹುದು ಎಂಬುದೇ ಅದಕ್ಕೆ ಕಾರಣ.

ಇನ್ನೊಂದು ಮಾತು. ಅಂಕ ಕೊಡುವುದು ಸಾಮಾನ್ಯವಾಗಿ ಇಡೀ ಚಿತ್ರಕ್ಕೆ. ಗೋಡೆ, ರಸ್ತೆ, ಆಕಾಶ ಸರಿಯಾಗಿ ಬಂದರೆ ಮೂಲೆಯ ಒಂದು ಅಂಕಿ ತಪ್ಪಿದರೂ ಅಂಕ ಅಷ್ಟಾಗಿ ಇಳಿಯುವುದಿಲ್ಲ. ನಮಗೆ ಬೇಕಾದದ್ದು ಆ ಒಂದು ಅಂಕಿಯೇ. ಕನ್ನಡದಲ್ಲಂತೂ ದ ಮತ್ತು ಧ, ಪ ಮತ್ತು ಫ ನಡುವೆ ಇರುವುದು ಒಂದು ಸಣ್ಣ ಸೀಳು.

ಆದ್ದರಿಂದ ನಮ್ಮ ಪರೀಕ್ಷೆ ನಾವೇ ಮಾಡೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ ನಿಲ್ದಾಣಗಳ ಬೋರ್ಡುಗಳನ್ನು, ನಮ್ಮದೇ ಬೈಕುಗಳ ನಂಬರ್ ಪ್ಲೇಟುಗಳನ್ನು ಸಂಜೆ ಹೊತ್ತು ಒಮ್ಮೆ ಕೈ ಗಟ್ಟಿ ಹಿಡಿದು, ಒಮ್ಮೆ ಅಲುಗಿಸಿ ತೆಗೆಯೋಣ. ಆ್ಯಪ್ ಎಷ್ಟು ಅಕ್ಷರ ತಪ್ಪಿತು ಎಂದು ಎಣಿಸೋಣ. ಎಲ್ಲಿ, ಯಾವಾಗ, ಯಾವ ಫೋನಿನಲ್ಲಿ ತೆಗೆದದ್ದು ಎಂದು ಬರೆದಿಡೋಣ.

ಅಲ್ಲಿಯವರೆಗೆ ಮೂಲ ಫೋಟೊ ಅಳಿಸುವುದು ಬೇಡ. ಮಸುಕು ತೆಗೆದದ್ದಾದರೆ ಚಿತ್ರದ ಕೆಳಗೆ ಹಾಗೆಂದೇ ಬರೆಯೋಣ. ಅದರಲ್ಲಿ ಕಂಡ ನಂಬರನ್ನು ಪೊಲೀಸರಿಂದಲೋ ಕಣ್ಣಾರೆ ಕಂಡವರಿಂದಲೋ ಖಚಿತಪಡಿಸಿಕೊಳ್ಳದೆ ಸುದ್ದಿಗೆ ಹಾಕುವುದು ಬೇಡ.