ಅಚ್ಚುಮೊಳೆ ಹಿಡಿದ ಕಾದಂಬರಿಕಾರ್ತಿ

ಬರೆಯುವುದು ಲೇಖಕನ ಕೆಲಸ. ಬರೆದುದನ್ನು ಅಚ್ಚುಮಾಡಿ ಮಾರುವುದು ಪ್ರಕಾಶಕನ ಕೆಲಸ. ಇದು ಲೋಕರೂಢಿ. ಈ ಎರಡನ್ನೂ ಒಬ್ಬರೇ ಕೈಗೊಂಡರೆ ಜನ ಹುಬ್ಬೇರಿಸುತ್ತಾರೆ. ಯಾರೂ ಮೆಚ್ಚದ ಬರಹವನ್ನು ತಾನೇ ಅಚ್ಚುಹಾಕಿಸಿಕೊಂಡು ಬೀಗುತ್ತಿದ್ದಾನೆಂದು ಅಂಥವನನ್ನು ಹಗುರವಾಗಿ ಕಾಣುವುದೂ ಉಂಟು. ಆದರೆ ಸ್ವಂತ ಪ್ರಕಟಣೆ ಎಂಬುದು ಸೋತವರ ಆಸರೆ ಮಾತ್ರವಲ್ಲ. ಸ್ವತಂತ್ರವಾಗಿ ಆಲೋಚಿಸುವವರ ಸಾಧನವೂ ಆಗಬಲ್ಲದು. ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫಳ ಬಾಳು ಇದಕ್ಕೆ ಸಾಕ್ಷಿಯಾಗಿದೆ.

ವರ್ಜೀನಿಯಾ 1882ರಲ್ಲಿ ಲಂಡನ್ನಿನಲ್ಲಿ ಜನಿಸಿದಳು. ಆಕೆಯ ತಂದೆ ಲೆಸ್ಲಿ ಸ್ಟೀಫನ್ ದೊಡ್ಡ ವಿದ್ವಾಂಸ. ಇಂಗ್ಲೆಂಡಿನ ರಾಷ್ಟ್ರೀಯ ಜೀವನಚರಿತ್ರ ಕೋಶದ ಮೊದಲ ಸಂಪಾದಕ. ಮನೆಯ ಗಂಡುಮಕ್ಕಳು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಹೆಣ್ಣಾದ ಕಾರಣ ವರ್ಜೀನಿಯಾಳಿಗೆ ಆ ಭಾಗ್ಯ ದೊರೆಯಲಿಲ್ಲ. ಆದರೆ ತಂದೆಯ ಪುಸ್ತಕಭಂಡಾರದ ಬಾಗಿಲು ಆಕೆಗೆ ಸದಾ ತೆರೆದಿತ್ತು. ಅದೇ ಆಕೆಯ ವಿದ್ಯಾಲಯವಾಯಿತು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನೂ ಆಕೆ ಶ್ರದ್ಧೆಯಿಂದ ಕಲಿತಳು. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ ಆಕೆಯನ್ನು ಮನೋವ್ಯಾಧಿಯು ಮತ್ತೆ ಮತ್ತೆ ಕಾಡಿತು. ಹೀಗಿದ್ದರೂ ಆಕೆ ಲೇಖನಿಯನ್ನು ಕೆಳಗಿಡಲಿಲ್ಲ.

1905ರಿಂದ ವರ್ಜೀನಿಯಾ 'ಟೈಮ್ಸ್' ಪತ್ರಿಕೆಯ ಸಾಹಿತ್ಯ ಪುರವಣಿಗೆ ಪುಸ್ತಕ ವಿಮರ್ಶೆಗಳನ್ನು ಬರೆಯತೊಡಗಿದಳು. ಆ ಪತ್ರಿಕೆಯಲ್ಲಿ ವಿಮರ್ಶಕರ ಹೆಸರನ್ನು ಅಚ್ಚುಮಾಡುವ ಪದ್ಧತಿ ಅಂದು ಇರಲಿಲ್ಲ. ಹೆಸರಿನ ಹಂಬಲವಿಲ್ಲದೆ ದುಡಿದ ಈ ವರ್ಷಗಳು ಆಕೆಯ ಲೇಖನಿಯನ್ನು ಹದಗೊಳಿಸಿದವು. ಟಾಲ್‌ಸ್ಟಾಯ್, ಚೆಕಾಫ್ ಮೊದಲಾದ ರಷ್ಯನ್ ಲೇಖಕರ ಕೃತಿಗಳು ಆಕೆಯ ಮೇಲೆ ಗಾಢವಾದ ಪ್ರಭಾವ ಬೀರಿದವು. ಹೊರಗೆ ನಡೆಯುವ ಘಟನೆಗಳ ಸರಪಳಿಯಷ್ಟೇ ಕಥೆಯಲ್ಲ. ಮನುಷ್ಯನ ಮನಸ್ಸಿನಲ್ಲಿ ಕ್ಷಣಕ್ಷಣಕ್ಕೂ ಹರಿಯುವ ನೆನಪು ಭಾವನೆಗಳನ್ನೂ ಕಾದಂಬರಿಯು ಹಿಡಿಯಬೇಕು ಎಂಬ ನಂಬಿಕೆ ಆಕೆಯಲ್ಲಿ ಬಲಿಯಿತು.

1912ರಲ್ಲಿ ಆಕೆ ಲೆನರ್ಡ್ ವುಲ್ಫನನ್ನು ವಿವಾಹವಾದಳು. ಮೊದಲ ಕಾದಂಬರಿ 1915ರಲ್ಲಿ ಹೊರಬಂದಿತು. ಅದನ್ನು ಪ್ರಕಟಿಸಿದವನು ಪ್ರಕಾಶಕನಾಗಿದ್ದ ಆಕೆಯ ಮಲಸಹೋದರನೇ. ಎರಡನೆಯ ಕಾದಂಬರಿಯೂ 1919ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವರ್ಜೀನಿಯಾ ತಿರಸ್ಕೃತ ಲೇಖಕಿಯಾಗಿರಲಿಲ್ಲ. ಪ್ರಕಾಶಕರ ಬಾಗಿಲು ಆಕೆಗೆ ಮುಚ್ಚಿರಲಿಲ್ಲ. ಆದರೂ ತನ್ನ ಹಸ್ತಪ್ರತಿಯನ್ನು ಇನ್ನೊಬ್ಬರ ತೀರ್ಪಿಗೆ ಒಪ್ಪಿಸಿ ಕಾಯುವುದು ಆಕೆಗೆ ಬಹು ಕಷ್ಟದ ಸಂಗತಿಯಾಗಿತ್ತು. ಹಳೆಯ ಅಚ್ಚಿನ ಕಥೆಗಳನ್ನೇ ನಿರೀಕ್ಷಿಸುವ ಮಾರುಕಟ್ಟೆಯಲ್ಲಿ ಹೊಸ ಬಗೆಯ ಬರವಣಿಗೆಗೆ ಎಡೆ ಸಿಗುವುದು ಸುಲಭವಾಗಿರಲಿಲ್ಲ.

1917ರಲ್ಲಿ ದಂಪತಿಗಳು ಸುಮಾರು ಹತ್ತೊಂಬತ್ತು ಪೌಂಡುಗಳಿಗೆ ಒಂದು ಚಿಕ್ಕ ಕೈಯಚ್ಚಿನ ಯಂತ್ರವನ್ನೂ ಅಚ್ಚುಮೊಳೆಗಳನ್ನೂ ಕೊಂಡುತಂದರು. ಮುದ್ರಣವನ್ನು ಶಾಲೆಯಲ್ಲಿ ಕಲಿಯಲು ಅವರಿಗೆ ಅವಕಾಶ ದೊರೆತಿರಲಿಲ್ಲ. ಯಂತ್ರದೊಡನೆ ಬಂದ ಕಿರುಹೊತ್ತಗೆಯೇ ಗುರುವಾಯಿತು. ಊಟದ ಕೋಣೆಯೇ ಅಚ್ಚುಕೂಟವಾಯಿತು. ವರ್ಜೀನಿಯಾ ಮೊಳೆ ಜೋಡಿಸುತ್ತಿದ್ದಳು; ಲೆನರ್ಡ್ ಯಂತ್ರ ನಡೆಸುತ್ತಿದ್ದನು. ತಮ್ಮ ಮನೆಯ ಹೆಸರನ್ನೇ ಇಟ್ಟು ಅದನ್ನು 'ಹೋಗಾರ್ತ್ ಪ್ರೆಸ್' ಎಂದು ಕರೆದರು. ಆ ವರ್ಷದ ಜುಲೈ ತಿಂಗಳಲ್ಲಿ ಇಬ್ಬರ ಒಂದೊಂದು ಕಥೆಯನ್ನೊಳಗೊಂಡ ಮೊದಲ ಪುಸ್ತಕ ಹೊರಬಂದಿತು. ಅಚ್ಚಾದ ಪ್ರತಿಗಳು ಸುಮಾರು 150 ಮಾತ್ರ.

ಈ ಸಣ್ಣತನವೇ ಆಕೆಗೆ ವರವಾಯಿತೆನ್ನಬಹುದು. ಸಾವಿರಾರು ಓದುಗರನ್ನು ಮೆಚ್ಚಿಸಬೇಕಾದ ಹಂಗು ಅಲ್ಲಿರಲಿಲ್ಲ. ನಷ್ಟವಾದರೂ ಅದು ಅಲ್ಪವೇ. ಆದ್ದರಿಂದ ಪ್ರಯೋಗಕ್ಕೆ ಧೈರ್ಯ ಬಂದಿತು. 1919ರಲ್ಲಿ 'ಕ್ಯೂ ಗಾರ್ಡನ್ಸ್' ಎಂಬ ಆಕೆಯ ಚಿಕ್ಕ ಕಥೆಯನ್ನು ಅಚ್ಚುಮಾಡಿದಾಗ ಮೊದಲಿಗೆ ಕೊಳ್ಳುವವರು ವಿರಳವಾಗಿದ್ದರು. ಪತ್ರಿಕೆಯೊಂದರಲ್ಲಿ ಮೆಚ್ಚುಗೆಯ ವಿಮರ್ಶೆ ಬಂದೊಡನೆ ಬೇಡಿಕೆಯ ಕಾಗದಗಳು ಮನೆಯ ಬಾಗಿಲಲ್ಲಿ ರಾಶಿಬಿದ್ದವು. ಮುಂದೆ 1922ರಲ್ಲಿ 'ಜೇಕಬ್ಸ್ ರೂಮ್' ಎಂಬ ಕಾದಂಬರಿಯನ್ನು ಆಕೆ ತನ್ನ ಸಂಸ್ಥೆಯಿಂದಲೇ ಪ್ರಕಟಿಸಿದಳು. 'ಮಿಸೆಸ್ ಡ್ಯಾಲೊವೆ', 'ಟು ದಿ ಲೈಟ್‌ಹೌಸ್', 'ದಿ ವೇವ್ಸ್' ಮೊದಲಾದ ಶ್ರೇಷ್ಠ ಕೃತಿಗಳೆಲ್ಲ ಅಲ್ಲಿಂದಲೇ ಬಂದವು. ಅಕ್ಕ ವೆನೆಸ್ಸಾ ಇವುಗಳಿಗೆ ಹೊದಿಕೆಯ ಚಿತ್ರ ಬರೆದಳು.

ಸ್ವಾತಂತ್ರ್ಯವೆಂದರೆ ಇಷ್ಟಬಂದಂತೆ ನಡೆಯುವುದೆಂದು ಹಲವರು ತಿಳಿಯುತ್ತಾರೆ. ವರ್ಜೀನಿಯಾಳ ಸ್ವಾತಂತ್ರ್ಯ ಅಂಥದಲ್ಲ. ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಅಚ್ಚಾದ ಮೇಲೆ ಬಿಡಿಸಿ ಮತ್ತೆ ಆಯಾ ಮನೆಗೆ ಹಾಕುವುದು, ಕರಡು ತಿದ್ದುವುದು, ಹಾಳೆಗಳನ್ನು ಹೊಲಿಯುವುದು, ಕಟ್ಟು ಕಟ್ಟಿ ಅಂಚೆಗೆ ಹಾಕುವುದು—ಇವೆಲ್ಲವೂ ಆಕೆಯ ದಿನಚರಿಯಾಗಿದ್ದವು. ಪ್ರಕಾಶಕನ ಹಿಡಿತದಿಂದ ಬಿಡಿಸಿಕೊಂಡವಳು ತನ್ನ ಮೇಲೆ ತಾನೇ ಕಠಿಣವಾದ ಹಿಡಿತವನ್ನಿಟ್ಟುಕೊಂಡಳು. ತನ್ನ ಕಾದಂಬರಿಗಳನ್ನು ಹಲವು ಸಾರಿ ತಿದ್ದಿ ಬರೆದ ಮೇಲೆಯೇ ಹೊರಬಿಡುತ್ತಿದ್ದಳು. ತಡೆಯುವವರಿಲ್ಲದ ಎಡೆಯಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುವುದು ಹಿರಿಯ ಗುಣವಲ್ಲವೆ?

ತನಗೆ ದೊರೆತ ಅವಕಾಶವನ್ನು ಆಕೆ ತನಗಷ್ಟೇ ಮೀಸಲಿಡಲಿಲ್ಲ. ಕ್ಯಾಥರೀನ್ ಮ್ಯಾನ್ಸ್‌ಫೀಲ್ಡಳ ಕಥೆಯನ್ನು 1918ರಲ್ಲಿ ಪ್ರಕಟಿಸಿದಳು. ಟಿ. ಎಸ್. ಎಲಿಯಟ್ಟನ 'ದಿ ವೇಸ್ಟ್ ಲ್ಯಾಂಡ್' ಕಾವ್ಯಕ್ಕೆ 1923ರಲ್ಲಿ ತನ್ನ ಕೈಯಿಂದಲೇ ಮೊಳೆ ಜೋಡಿಸಿದಳು. ಮನಶ್ಶಾಸ್ತ್ರಜ್ಞ ಫ್ರಾಯ್ಡನ ಗ್ರಂಥಗಳ ಇಂಗ್ಲಿಷ್ ಅನುವಾದಗಳನ್ನೂ ಆ ಸಂಸ್ಥೆ 1924ರಿಂದ ಹೊರತಂದಿತು. ಸಂಸ್ಥೆಗೆ ಮಿತಿಗಳೂ ಇದ್ದವು. ಜೇಮ್ಸ್ ಜಾಯ್ಸನ 'ಯುಲಿಸೀಸ್' ಎಂಬ ಬೃಹತ್ ಕಾದಂಬರಿಯ ಹಸ್ತಪ್ರತಿ 1918ರಲ್ಲಿ ಅವರಲ್ಲಿಗೆ ಬಂದಾಗ, ಆ ಪುಟ್ಟ ಯಂತ್ರಕ್ಕೆ ಅದು ಮೀರಿದ ಹೊರೆಯಾಗಿತ್ತು, ಅದನ್ನು ಹಿಂದಿರುಗಿಸಬೇಕಾಯಿತು.

ಇಂಥ ಸ್ವಾತಂತ್ರ್ಯ ಎಲ್ಲರಿಗೂ ಎಟುಕುವುದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ವರ್ಜೀನಿಯಾಳಿಗೆ ಬಂಧುಗಳಿಂದ ಬಂದ ಅಲ್ಪಸ್ವಲ್ಪ ಆಸ್ತಿಯಿತ್ತು; ಜೊತೆಗೆ ದುಡಿಯುವ ಪತಿಯಿದ್ದನು. ಇದನ್ನು ಆಕೆ ಮರೆಯಲಿಲ್ಲ. ಹೆಣ್ಣು ಕಾದಂಬರಿ ಬರೆಯಬೇಕಾದರೆ ಆಕೆಗೆ ಸ್ವಂತ ಹಣವೂ ಸ್ವಂತ ಕೋಣೆಯೂ ಬೇಕೆಂದು 1929ರ ತನ್ನ ಪುಸ್ತಕದಲ್ಲಿ ಆಕೆಯೇ ವಾದಿಸಿದಳು. ಪ್ರತಿಭೆಯೊಂದಿದ್ದರೆ ಸಾಲದು, ಅದಕ್ಕೆ ನೆಲೆಯೂ ಬೇಕು. ಆ ನೆಲೆಯನ್ನು ಒದಗಿಸುವುದು ಸಮಾಜದ ಹೊಣೆ.

ವ್ಯಾಧಿಯಿಂದ ಜರ್ಜರಿತಳಾಗಿದ್ದ ವರ್ಜೀನಿಯಾ 1941ರಲ್ಲಿ ತೀರಿಕೊಂಡಳು. ಇಂದು ಕೈಯಚ್ಚಿನ ಯಂತ್ರವಿಲ್ಲದೆಯೂ ಯಾರು ಬೇಕಾದರೂ ತಮ್ಮ ಬರಹವನ್ನು ಕ್ಷಣಮಾತ್ರದಲ್ಲಿ ಲೋಕದ ಮುಂದಿಡಬಹುದು. ಪ್ರಕಟಿಸುವುದು ಸುಲಭವಾದಷ್ಟೂ ತಿದ್ದುವ ತಾಳ್ಮೆ ಹೆಚ್ಚಬೇಕು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಎತ್ತಿಟ್ಟ ಈ ಕಾದಂಬರಿಕಾರ್ತಿಯ ಶ್ರಮ ಅಂಥ ತಾಳ್ಮೆಗೆ ಮೇಲ್ಪಂಕ್ತಿಯಾಗಿದೆ.