ಕೀಲಿಕೈ, ಕಿರ್ದಿ, ತಕ್ಕಡಿ

ನಮ್ಮ ಸಣ್ಣ ವ್ಯಾಪಾರಗಳು ಬಂಡವಾಳವಿಲ್ಲದೆ ಸೊರಗುತ್ತಿವೆಯೆಂದು ಎಲ್ಲರೂ ಹೇಳುತ್ತಾರೆ. ಬಂಡವಾಳವಿದ್ದೂ ಕೆಟ್ಟವುಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಚನ್ನಗಿರಿಯ ಅಡಕೆಯ ಖೇಣಿಯನ್ನೇ ನೋಡಿರಿ. ಕೊಯ್ಲಿಗೆ ಮೊದಲೇ ಖೇಣಿದಾರನು ಮುಂಗಡ ಕೊಡುತ್ತಾನೆ. ಇಷ್ಟು ಹಸಿಕಾಯಿಗೆ ಇಷ್ಟು ಒಣ ಅಡಕೆಯೆಂಬ ಕರಾರಾಗುತ್ತದೆ. ಬಹುಮಟ್ಟಿಗೆ ಅದು ಬಾಯಿಮಾತೇ. ಬಳಿಕ ಆತನು ಸುಲಿಸಬೇಕು, ಬೇಯಿಸಬೇಕು, ಒಣಗಿಸಬೇಕು, ಮಂಡಿಗೆ ಸಾಗಿಸಬೇಕು. ಹೆಜ್ಜೆಹೆಜ್ಜೆಗೂ ತೂಕವು ಇಳಿಯುತ್ತದೆ. ಅದರಲ್ಲಿ ಬಿಸಿಲು ತಿಂದುದೆಷ್ಟು, ಕೈ ತಿಂದುದೆಷ್ಟು? ಆಯಾ ದಿನದ ತೂಕವನ್ನು ಆಯಾ ದಿನವೇ ಬರೆದಿಟ್ಟವನು ಮಾತ್ರ ಇದಕ್ಕೆ ಉತ್ತರ ಹೇಳಬಲ್ಲನು. ಉಳಿದವರು ಹಂಗಾಮಿನ ಕೊನೆಯಲ್ಲಿ ಧಾರಣೆಯನ್ನು ದೂರುತ್ತಾರೆ. ಧಾರಣೆಯು ಏರಿಳಿಯುವುದು ನಿಜ. ಆದರೆ ಒಂದೇ ಧಾರಣೆಯಲ್ಲಿ ಒಬ್ಬನು ತೇಲಿ ಮತ್ತೊಬ್ಬನು ಮುಳುಗುವುದೇತಕ್ಕೆ?

ಮಳೆಯನ್ನೇ ನೆಚ್ಚಿದ ಜಗಳೂರಿನ ಸೀಮೆಯಲ್ಲಿ ಬೀಜ-ಗೊಬ್ಬರದ ಅಂಗಡಿಯವನು ಮೆಕ್ಕೆಜೋಳ ಕೈಗೆ ಬರುವವರೆಗೆ ಕಡ ಕೊಡುತ್ತಾನೆ. ಕಡದ ಪಟ್ಟಿಯನ್ನು ಲಾಭವೆಂದೆಣಿಸಿ ಮನೆಗೆ ಖರ್ಚುಮಾಡಿದವನನ್ನು ಒಂದು ಮಳೆಗಾಲವೇ ಉರುಳಿಸಿಬಿಡುತ್ತದೆ. ಹೊನ್ನಾಳಿ-ನ್ಯಾಮತಿಗಳ ಭತ್ತದ ವ್ಯಾಪಾರಿಯಾದರೂ ಅಷ್ಟೆ. ಮನೆಯ ಚೀಲವೂ ಅಂಗಡಿಯ ಚೀಲವೂ ಒಂದೇ ಆದ ಮೇಲೆ ಶಿಲ್ಕು ನೋಡುವುದಾದರೂ ಹೇಗೆ?

"ನಮ್ಮವನೇ ಅಲ್ಲವೆ, ಅವನನ್ನು ಲೆಕ್ಕ ಕೇಳುವುದೆ?" ಎಂಬ ದಾಕ್ಷಿಣ್ಯವೇ ನಮ್ಮಲ್ಲಿ ದೊಡ್ಡ ರೋಗ. ಕೀಲಿಕೈ, ಕಿರ್ದಿ, ತಕ್ಕಡಿ ಮೂರನ್ನೂ ಒಬ್ಬನಿಗೇ ಒಪ್ಪಿಸುವುದು ಅವನಿಗೂ ಅನ್ಯಾಯವೇ. ನಷ್ಟವಾದಾಗ ತಾನು ನಿರಪರಾಧಿಯೆಂದು ತೋರಿಸಲು ಅವನಲ್ಲಿ ಏನು ಉಳಿದೀತು? ಎಣಿಸುವವನೊಬ್ಬ, ಬರೆಯುವವನೊಬ್ಬ ಆಗಲಿ. ಇಬ್ಬರೇ ಇರುವ ಅಂಗಡಿಯಲ್ಲಿಯೂ ಇದು ಸಾಧ್ಯ.

ಸಹಕಾರಿ ಸಂಘಗಳ ಮಾತು ಇನ್ನೂ ಗಂಭೀರವಾದುದು. 1904ರ ಕಾಯಿದೆಯ ಮೇರೆಗೆ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಂಘವು ಭರತಖಂಡದ ಮೊದಮೊದಲಿನ ಸಂಘಗಳಲ್ಲಿ ಒಂದು. ಕನ್ನಡಿಗರು ಹೆಮ್ಮೆಪಡುವುದು ಯೋಗ್ಯವೇ. ಆದರೆ ವಾರ್ಷಿಕ ತಪಾಸಣೆಯನ್ನೂ ಸರ್ವಸದಸ್ಯರ ಸಭೆಯನ್ನೂ ಕಡ್ಡಾಯಮಾಡಿದ 1959ರ ಕರ್ನಾಟಕದ ಕಾಯಿದೆಯು ಎಷ್ಟು ಊರುಗಳಲ್ಲಿ ಸಹಿ ಹಾಕಿ ತಿಂಡಿ ತಿನ್ನುವ ಶಾಸ್ತ್ರವಾಗಿ ಉಳಿದಿದೆಯೆಂಬುದನ್ನು ವಾಚಕರೇ ಬಲ್ಲರು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಪ್ರತಿ ಠೇವಣಿದಾರನು 35,000 ರೂಪಾಯಿಗಿಂತ ಹೆಚ್ಚು ತೆಗೆಯಲಾಗದೆಂದಾಗ, ಮುಪ್ಪಿನ ಗಂಟನ್ನು ಅಲ್ಲಿಟ್ಟವರು ಬೀದಿಯಲ್ಲಿ ನಿಂತರು. ರಾಜಧಾನಿಯಲ್ಲೇ ಹೀಗಾದರೆ ಹಳ್ಳಿಯ ಸಂಘದ ಸದಸ್ಯನು ಕಣ್ಣುಮುಚ್ಚಿ ಕುಳಿತಿರಬಹುದೆ?

ಆಡಳಿತ ಮಂಡಲಿಯವರೂ ಅವರ ಬಂಧುಗಳೂ ಪಡೆದ ಸಾಲಗಳ ಪಟ್ಟಿಯನ್ನು ಸಭೆಯಲ್ಲಿ ಓದಿಸಬೇಕೆಂಬುದು ನಮ್ಮ ಅಭಿಪ್ರಾಯ. ದಾಸ್ತಾನನ್ನು ಮುನ್ಸೂಚನೆಯಿಲ್ಲದೆ ವರ್ಷಕ್ಕೆರಡು ಸಲವಾದರೂ ತೂಗಿಸತಕ್ಕದ್ದು. ಬರುವ ವಾರ್ಷಿಕ ಸಭೆಯಲ್ಲಿ, ತಪಾಸಣೆಗಾರರು ಎತ್ತಿದ ಆಕ್ಷೇಪಣೆಗಳನ್ನು ಓದಿ ಹೇಳಿರೆಂದು ಒಬ್ಬ ಸದಸ್ಯನಾದರೂ ಎದ್ದು ಕೇಳಲಿ. ಉತ್ತರ ಬರುವತನಕ ಕುಳಿತುಕೊಳ್ಳದಿರಲಿ.